ಲ್ಯಾಮಿನೇಷನ್

ಮಂಡ್ಯ ತಾಲ್ಲೂಕು ಕಚೇರಿ ಎದುರು ನನ್ನ ಜೆರಾಕ್ಸ್ ಅಂಗಡಿ.
ಮೇಜಿನಡಿ, ರದ್ದಿ ಹಾಳೆಗಳ ಗುಡ್ಡೆಯಲ್ಲಿ
ತನುಷ್. ಮೂರೂವರೆ ವರ್ಷ.
ಪಹಣಿ, ಪೋಡಿ, ಖಾತೆ ಬದಲಾವಣೆ,
ಬೆರಳಿಟ್ಟು ಗಟ್ಟಿಯಾಗಿ ಓದುತ್ತಾನೆ, ತಪ್ಪಿಲ್ಲದೆ.
ಹಸಿವಾ ಕಂದ ಅಂದರೆ
ಮುಖ ಎತ್ತುವುದಿಲ್ಲ.

ಮಳವಳ್ಳಿ ಬಸ್ಸು ತಿರುಗಿದರೆ ಕುಣಿಯುತ್ತಾನೆ.
ಊರಿಗಲ್ಲ, ಬೋರ್ಡಿಗೆ:
ಅಲ್ಲೊಂದು ಒಂಟಿ ಳ,
ಇನ್ನೊಂದು, ಕಾಲಡಿ ಮರಿ ಇಟ್ಟುಕೊಂಡ ಳ.

‘ಡೀಸಿ ಆಯ್ತಾನೆ ಬುಡವ್ವ’ ಅಂದರು
ಅರ್ಜಿ ಬರೆಸಲು ಬಂದವರು.
ಅವರ ಐದು ರೂಪಾಯಿ ಚಿಲ್ಲರೆ
ಕೊಡುವುದನ್ನೇ ಮರೆತೆ.

‘ಕಾಗ್ದ ಕಿತ್ತಾಕು, ಆಗ ಬಾಯ್ ಬುಡ್ತಾನೆ’
ಅಂದವರು ಅತ್ತೆ, ಸಾಕಮ್ಮ.
ಐದನೇ ಹೆಣ್ಣು, ಇನ್ನು ಸಾಕೆಂದು ಇಟ್ಟ ಹೆಸರು.
ನಾಲ್ಕು ದಿನ ಹಾಳೆಗಳನ್ನು ಮೂಟೆ ಕಟ್ಟಿಟ್ಟೆ.
ಅವನು ಉಣ್ಣಲಿಲ್ಲ,
ಚೆಲ್ಲಿದ ಸಾರಿನಲ್ಲಿ ಬೆರಳಾಡಿಸಿ
ಳ ಬರೆದ.

ಮೈಸೂರಿನ ನಿಖತ್ ಮೇಡಂ
ಬೈಯಲಿಲ್ಲ. ಪ್ಯಾಸೆಂಜರ್ ರೈಲಲ್ಲಿ ಹೋದ ಬೆವರು ಆರುವವರೆಗೆ ಕಾದು
‘ಪದ ಅವನ ಹತ್ರ ಇದೆ.
ಅದಕ್ಕೆ ಲೋಟ ಕೊಡಿ, ನೀರು ಕೊಡಿ’ ಅಂದರು.

ನಲವತ್ತೆಂಟು ಪಾಯಿಂಟಿನಲ್ಲಿ ಟೈಪು ಮಾಡಿ
ನನ್ನದೇ ಮಷೀನಿಗೆ ಹಾಕಿದೆ:
ನೀರು. ಹೊರಗೆ. ಬೇಡ. ಸಾಕು.
ಲೋಟ ಕೊಟ್ಟಾಗೆಲ್ಲ ನೀರು ತೋರಿಸಿದೆ,
ಬಾಗಿಲು ತೆರೆದಾಗೆಲ್ಲ ಹೊರಗೆ.
ಏಳು ವಾರ ಅವನು ಅವನ್ನು
ಸಾಲಾಗಿ ಜೋಡಿಸಿದ, ಓದಿದ, ಮತ್ತೆ ಜೋಡಿಸಿದ,
ಅಷ್ಟೆ.

ನಾದಿನಿ ಮಗುವಿನ ನಾಮಕರಣದ ದಿನ
ಛತ್ರದಲ್ಲಿ ಮೈಕು ಕೀರಿತು.
ಕಿವಿ ಮುಚ್ಚಿಕೊಂಡವನು
ಒಂದು ಕೈ ತೆಗೆದು, ಚೀಲದಲ್ಲಿ ತಡಕಿ,
ನನ್ನ ಅಂಗೈಯಲ್ಲಿ ಇಟ್ಟ:
ಸಾಕು.

ಹಿತ್ತಲಿಗೆ ಓಡಿದೆ ಎತ್ತಿಕೊಂಡು.
ತೊಳೆದು ಬೋರಲು ಹಾಕಿದ ಕೊಳಗಗಳ ನಡುವೆ
ಇಬ್ಬರೂ ಕೂತೆವು.
ಎದ್ದು ಬರುವಾಗ ಒಬ್ಬಟ್ಟು ಮುಗಿದಿತ್ತು.

ಆ ರಾತ್ರಿ ಅತ್ತೆ ಮತ್ತೆ:
‘ಯಾವಾಗವ್ವ ಮಾತಾಡದು ಇವ್ನು?’
ಸಿಟ್ಟು ನೆತ್ತಿಗೇರಿ ಅದೇ ಕಾರ್ಡನ್ನು
ಅವರ ಮುಖಕ್ಕೆ ಹಿಡಿದೆ.
ಅವರಿಗೆ ಓದು ಬರುವುದಿಲ್ಲ.
ಮಂಚದಡಿಯಿಂದ ಅವನು ಓದಿದ,
‘ಸಾಕು.’

‘ಓ...’ ಅಂದರು ಅತ್ತೆ, ಬಗ್ಗಿ,
‘ಕರುದ್ಯೇನ್ಲಾ ಮಗ?
ನಮ್ಮವ್ವನೂ ನನ್ನ ಹಂಗೇ ಕರೀತಿದ್ಲು.’

ನಾನು ತಿದ್ದಲಿಲ್ಲ.
ಬೆಳಿಗ್ಗೆ ಹುಡುಕಿದರೆ ಕಾರ್ಡು
ಅವರ ಎಲೆಅಡಿಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ.
ಅವನಿಗೆ ಇನ್ನೊಂದು ಬೇಕಲ್ಲ,
ಅಂಗಡಿ ಬಾಗಿಲೆತ್ತಿ
ಮಷೀನು ಬಿಸಿಗಿಟ್ಟೆ.