ಚೆಕ್ಕುಬಂದಿ

ಹೊಸ ಡಬ್ಬಕ್ಕೆ ಇನ್ನೂ ಥರ್ಮಾಕೋಲಿನ ವಾಸನೆ.
ಚಿಂತಾಮಣಿಯ ಸಬ್‌ರಿಜಿಸ್ಟ್ರಾರ್ ಕಚೇರಿಯೆದುರು
ಎಂಟಡಿ ಅಂಗಡಿ; ಅದರಲ್ಲಿ ನಾನು, ಇಮ್ದಾದು,
ಮಧ್ಯೆ ಕಪ್ಪು ಪರದೆಯಲ್ಲಿ ಮಿಣಮಿಣ ಒಂದು ಗೆರೆ:
ಒಳಗೆ ಯಾರೂ ಇಲ್ಲ, ಅನ್ನುತ್ತಿದೆ.

"ಕಳ್ಳ ವಿಂಡೋಸು ಐನೂರು ರೂಪಾಯಿ, ಅಕ್ಕ.
ಅಸಲಿಗೆ ಹತ್ತು ಸಾವಿರದ ಹತ್ತಿರ.
ಲಿನಕ್ಸು ಪುಕ್ಕಟೆ. ಚಾ ಕುಡಿಸಿದರೆ ಸಾಕು."

ಇಪ್ಪತ್ತೆರಡು ವರ್ಷ ಪತ್ರ ಬರೆದವಳು ನಾನು.
ಪುಕ್ಕಟೆ ಅಂದರೆ ಮೊದಲು ಹುಡುಕೋದು
ಎರಡನೇ ಪುಟದ ಕೊನೇ ಸಾಲು.
ಕರಾರು ತೆಗೆಸಿದೆ. ಎರಡದ್ದೂ.
"ಇದನ್ನ ಲೋಕದಲ್ಲಿ ಯಾರೂ ಓದಲ್ಲ" ಅಂದ.
ಹಾಗೆಂದುಕೊಂಡೇ ಹೆಬ್ಬೆಟ್ಟು ಒತ್ತಿದವರ
ವ್ಯಾಜ್ಯಗಳಿಂದ ನಮ್ಮನೆಗೆ ತಾರಸಿ ಬಿದ್ದದ್ದು.

ಇಂಗ್ಲಿಷನ್ನು ಬೆರಳಿಟ್ಟು ಓದಿದೆ,
ರಾಗಿಯಲ್ಲಿ ಕಲ್ಲು ಆರಿಸಿದ ಹಾಗೆ.
ಮೊದಲನೆಯದು ಮಾರಾಟವೇ ಅಲ್ಲ:
ಹಣ ಅವರ ಕೈಗೆ, ಬೀಗದಕೈಯೂ ಅವರ ಸೊಂಟದಲ್ಲಿ,
ನಾವು ಜಗಲಿಯ ಬಾಡಿಗೆಯವರು.
ಇನ್ನೊಂದು ಓದುತ್ತ ಓದುತ್ತ
ನನ್ನದೇ ಕೈಬರಹ ಕಂಡಂತಾಯಿತು.
ನಕಲು ಮಾಡಬಹುದು, ತಿದ್ದಬಹುದು, ಪರಭಾರೆ ಮಾಡಬಹುದು,
ಪಡೆದವರು ಮುಂದಿನವರಿಗೆ
ಸದರಿ ಹಕ್ಕನ್ನೇ ಬಿಟ್ಟುಕೊಡತಕ್ಕದ್ದು.
ಪುತ್ರಪೌತ್ರ ಪಾರಂಪರ್ಯವಾಗಿ ಅನ್ನೋ ಮಾತೊಂದೇ ಇಲ್ಲ.
ಇಲ್ಲದ್ದೇ ವಾಸಿ. ಹೆಣ್ಣುಮಕ್ಕಳ ಸಹಿ ತಪ್ಪಿಸೋಕೆ
ಎಷ್ಟು ಜನ ನನ್ನ ಮೇಜಿನಡಿ ನೋಟು ತೂರಿಸಿಲ್ಲ.

"ಹಾಕು" ಅಂದೆ.

ನೀವೆಲ್ಲಿದ್ದೀರಿ? ಕೇಳಿತು. ಭೂಪಟದಲ್ಲಿ
ಕೈವಾರವಿಲ್ಲ, ಬೆಂಗಳೂರೂ ಇಲ್ಲ,
ಇಷ್ಟಗಲ ದೇಶಕ್ಕೆ ಕೊಲ್ಕತ್ತ ಒಂದೇ ಚುಕ್ಕಿ.
ಅದನ್ನೇ ಒತ್ತಿದೆವು.
ನಿಮ್ಮ ಭಾಷೆ? ಇಮ್ದಾದು ನನ್ನ ಮುಖ ನೋಡಿದ.
ಮನೆಯಲ್ಲಿ ನನಗೆ ತೆಲುಗು, ಅವನಿಗೆ ಉರ್ದು,
ಕಕ್ಷಿದಾರರನ್ನು ಬೈಯಲು ಮೂರೂ ಬೇಕು,
ಪತ್ರಕ್ಕೆ ಬರೋದು ಒಂದೇ.
ಕನ್ನಡ ಅಂದೆವು, ಇಬ್ಬರೂ ಒಟ್ಟಿಗೆ.

ಆಮೇಲೆ ಡಿಸ್ಕನ್ನು ಭಾಗ ಮಾಡಬೇಕಂತೆ.
ಭಾಗ! ನನಗೆ ನಗು ತಡೆಯಲಿಲ್ಲ.
ಬೇರಿಗೆ ಇಷ್ಟು, ಮನೆಗೆ ಇಷ್ಟು,
ನೆನಪು ತುಂಬಿದಾಗ ಇಳಿಸಿಡಲು ಹಿತ್ತಲಷ್ಟು.
"ಮನೆಗೇ ಜಾಸ್ತಿ ಕೊಡು,
ನಾಳೆ ಗೋಡೆ ಸರಿಸೋಕೆ ಯಾರೂ ಬರಬಾರದು."
ಅಣ್ಣತಮ್ಮಂದಿರಿಲ್ಲದ ಭಾಗಪತ್ರ
ಇದೇ ಮೊದಲು ನಾನು ನೋಡಿದ್ದು.
ಯಾರೂ ಅಳಲಿಲ್ಲ.
ಬಾವಿ ಯಾರ ಪಾಲಿಗೆ ಅಂತ ಕೇಳಲಿಲ್ಲ.

ಅರವತ್ತೊಂದು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ಕೀಂ ಕೀಂ ಅಂತು.
ಮಾತು ನಿಲ್ಲಿಸಿದೆವು,
ಮಾತಿಗೂ ಬ್ಯಾಟರಿ ಖರ್ಚಾಗುವ ಹಾಗೆ.

ಸಂಜೆ ಐದಕ್ಕೆ ಎದ್ದು ಕೂತಿತು.
ಹಳೇ ಪೆನ್‌ಡ್ರೈವು ಚುಚ್ಚಿದೆ: ಹನ್ನೊಂದು ವರ್ಷದ ಪತ್ರಗಳು.
ತೆರೆದರೆ, ಟೋಪಿ ಹಾಕಿದ ಎ, ಬಾಲ ಬಂದ ಸಿ,
ಯಾವ ದೇಶದ್ದೋ ದುಡ್ಡಿನ ಗುರುತು.
ದೊಡ್ಡಚೌಡಪ್ಪನವರ ಮೂರೆಕರೆ ಹನ್ನೆರಡು ಗುಂಟೆ
ಒಂದು ಗುಂಟೆಯೂ ಮಿಗದಂತೆ ಪರದೇಶಿ.
"ಹಳೇ ಫಾಂಟಿನ ಹಣೆಬರಹ, ಅಕ್ಕ. ಬದಲಾಯಿಸ್ತೀನಿ."
ಬದಲಾಯಿಸಿದ. ಎಲ್ಲ ಬಂತು.
ಅರ್ಕಾವೊತ್ತು ಬರಲಿಲ್ಲ.
ಪೂರ್ವಕ್ಕೆ ಅಂತಿದ್ದಲ್ಲೆಲ್ಲ ಪೂವಕ್ಕೆ.
ಪೂವು, ನಮ್ಮಮ್ಮನ ತೆಲುಗಿನಲ್ಲಿ ಪುವ್ವು,
ಎಲ್ಲರ ಹೊಲದ ಒಂದು ಮಗ್ಗುಲು ಹೂವಾಗಿ ಕೂತಿದೆ.
ಚಂದವೇ. ಕೋರ್ಟು ಒಪ್ಪಲ್ಲ.

ಇಮ್ದಾದು ಚಾ ಕುಡಿದ. ಮುನ್ನೂರು ಕೊಟ್ಟರೆ
ನೂರು ಕೀಬೋರ್ಡಿನ ಮೇಲೇ ಬಿಟ್ಟು ಹೋದ.
ಒಬ್ಬಳೇ ಕೂತು ತಿದ್ದುತ್ತಿದ್ದೇನೆ,
ವಕಾರದ ಬಲಕ್ಕೆ ಆ ಕೊಕ್ಕೆ, ಒಂದೊಂದಾಗಿ.
ನಾನೂರ ಹದಿನೇಳು ಪೂರ್ವಗಳಿವೆ.
ಎಂಬತ್ತನೆಯದಕ್ಕೆ ಕಣ್ಣು ಉರಿದು
ಷಟರ್ ಎಳೆದೆ.
ಮಿಕ್ಕವರಿಗೆ ನಾಳೆ ಒಂದು ದಿನ
ಸೂರ್ಯ ಹೂವಿನ ಕಡೆಯಿಂದ ಹುಟ್ಟಲಿ.