ಹೊಡಿಯಲೊಲ್ದು

ಟವೆಲಿನಾಗ ಸುತ್ತಿಕೊಂಡು ತಂದಿದ್ದ ಸಾಬಣ್ಣ,
ಹಸಿ ಕೂಸು ತಂದಂಗ.
ವಾಡಿ ಸ್ಟೇಷನ್ನಿನ ಎದುರು ನನ್ನ ದುಕಾನ.
ಮೇಜಿನ ಮ್ಯಾಲ ಸಿಮೆಂಟಿನ ಧೂಳು
ಮುಂಜಾನೆ ಒರೆಸಿದರ ಮಧ್ಯಾಹ್ನಕ್ಕ ಮತ್ತ ಹಾಜರ್.
"ಲಾಡ್ಲೇ, ಇದು ಹೊಡಿಯಲೊಲ್ದು ನೋಡು" ಅಂದ.

ಕೆಟ್ಟದ ಅನ್ನಲಿಲ್ಲ, ಸುಟ್ಟದ ಅನ್ನಲಿಲ್ಲ.
ಒಲ್ದು ಅಂದ,
ಹಿಂಡಗೊಡದ ಎಮ್ಮಿ ಬಗ್ಗೆ ಅಂದಂಗ.

"ಮಾರೋದದ ಏನು?"
"ಮಾರೋದಲ್ಲ. ಒಮ್ಮೆ ಹೊಡೆದರ ಸಾಕು."

ಬ್ಯಾಟರಿ ಮನಿ ತೆಗದೆ.
ನಾಕೂ ಸೆಲ್ಲು ಸೋರಿ, ಉಬ್ಬಿ,
ಹಿತ್ತಾಳಿ ಪಟ್ಟಿ ತುಂಬ ಹಸಿರು ಕಿಲುಬು.
ಹುಣಸಿ ರಸ, ಹಳೇ ಹಲ್ಲಿನ ಬ್ರಷ್ಷು,
ಕಡೀಕ ಉಸುಕಿನ ಕಾಗದ.
ಹೊಸ ಸೆಲ್ ಹಾಕಿದೆ.
ಏನಿಲ್ಲ. ಸತ್ತ ಹಲ್ಲಿ.

ಬಿಚ್ಚೋ ಮುಂಚೆ ಹೇಳ್ದೆ, ಹಿಂದಕ್ಕ ಸರೀರಿ,
ಇದರ ಹೊಟ್ಟ್ಯಾಗ ಮುನ್ನೂರು ವೋಲ್ಟು
ಸುಮ್ನ ಕುಂತಿರ್ತದೋ ಏನೋ, ಹೇಳ್ಲಿಕ್ಕ ಬರಂಗಿಲ್ಲ.
"ಒಮ್ಮೆ ಒಗದದ ನನಗ" ಅಂದ,
"ಚಿತ್ತಾಪುರದ ಮದಿವ್ಯಾಗ, ಸೀದಾ ಬೀಗರ ಮ್ಯಾಲ."

ದೊಡ್ಡ ಕೆಪಾಸಿಟರ್ ತನ್ನ ಕೆಲಸ ಮರೆತಿತ್ತು.
ಅದಕ್ಕ ಒಮ್ಮೆಲೆ ಉಣಿಸಬಾರದು.
ಚೂರು ಕರೆಂಟು, ಬಿಡು. ಮತ್ತ ಚೂರು, ಬಿಡು.
ಭಾಳ ದಿನ ಉಪವಾಸ ಇದ್ದವರಿಗೆ
ಗಂಜಿ ಕುಡಿಸಿದಂಗ.
ಎರಡು ಚಾ ಆದವು. ಸೋಲಾಪುರದ ಗಾಡಿ ಹೋತು.
ಮೂರನೇ ತಾಸಿಗೆ ಒಳಗಿಂದ
ಸೊಳ್ಳಿ ಕುಂಯ್ ಅನ್ನೋವಂಥ ಸಪ್ಪಳ
ಏರಿ, ಏರಿ, ಕಿವಿಗೆ ಎಟುಕದಂಗಾಗಿ
ಬೆನ್ನಿನ ಕೆಂಪು ದೀಪ ಹತ್ತಿತು.
ಸಾಬಣ್ಣ ಎದ್ದು ನಿಂತ.

ಕ್ಯಾಮೆರಾಕ್ಕ ಕೂಡಿಸಿ ಒತ್ತಿದೆ. ಚಕ್.
ಬರೀ ಚಕ್.

ಹೊಟ್ಟಿ ತುಂಬ್ಯಾದ. ಟ್ಯೂಬಿಗೆ ಬಿರುಕಿಲ್ಲ.
ಅಂದ್ರ ಮಾತು ಮುಟ್ಟವಲ್ದು.
ಭೂತಗನ್ನಡಿ ಹಚ್ಚಿ, ಕೂಡೋ ಕಾಲಿನಾಗ
ನಡುವಿನ ಮೊಳಿ ಹಿಂದ ಸೂಜಿ ಆಡಿಸಿದೆ.
ಏನೋ ಸರೀತು.
ಚಿಮಟದಾಗ ಹಿಡಿದು ಎಳೆದರ
ಉಗುರಿನಷ್ಟು ರೀಲಿನ ತುಂಡು.
ತೊಳೆಯದ ರೀಲು, ಬೂದಿ ಬಣ್ಣ,
ಅಂಚಿಗೆ ಹಲ್ಲಿನ ಗುರುತು.
ಇದು ತಾನಾಗಿ ಹೊಕ್ಕಿದ್ದಲ್ಲ.

ಸಾಬಣ್ಣ ಟವೆಲಿನ ತುದಿ ಹಿಂಡಿಕೋತ ಹೇಳಿದ:
ನಾಲವಾರದ ಆಚೆ, ಹಳಿ ಪಕ್ಕ, ರಾತ್ರಿ ಎರಡಕ್ಕ.
ಆವಾಗ ಪೊಲೀಸ್ನೋರು ಹೆಣಕ್ಕ ನಲವತ್ತು ಕೊಡ್ತಿದ್ರು.
ದೂರದಿಂದ ಎರಡು ಹೊಡೆದೆ.
ಸೆರಗು ಸರಿಸಿ, ಮಾರೀದೊಂದು ಬೇಕು ಅಂದ್ರು.
ಹದಿನೈದು ದಿನದ ಹಿಂದ ನನ್ನ ಸ್ಟುಡಿಯೋಕ್ಕ ಬಂದಿದ್ದಳು,
ಅಂಗನವಾಡಿ ಅರ್ಜಿಗೆ ಮೂರು ಕಾಪಿ.
ಫ್ಲ್ಯಾಶ್ ಹೊಡೆದಾಗೆಲ್ಲ ರೆಪ್ಪಿ ಬಡೀತಿದ್ದಳು.
"ಕಣ್ಣು ಮುಚ್ಚಿದ್ವೇನ್ರಿ?" ಅಂತ ಕೇಳೋದು, ನಗೋದು.
ನಾಕನೇದು ಚಲೋ ಬಂತು.

ರೀಲು ಬದಲಿಸ್ತೀನಿ ಅಂತ ಜೀಪಿನ ಹಿಂದ ಹೋದೆ.
ಬಂದು ಒತ್ತಿದೆ. ಚಕ್. ಮತ್ತ ಚಕ್.
ಸಾಹೇಬ್ರ, ಹೊಡಿಯಲೊಲ್ದು ಅಂದೆ.
ಬ್ಯಾಟರಿ ಹಿಡಿದು ಪಂಚನಾಮಿ ಬರಕೊಂಡ್ರು.
ಮರುದಿನದಿಂದ ನನಗ ಕರೀಲಿಲ್ಲ.

"ಇದು ಇಲ್ಲೇ ಅದ ಅಂತ ಗೊತ್ತಿತ್ತಾ?"
"ಹಾಕಿದ್ದು ಗೊತ್ತಿತ್ತು.
ತೆಗದೀನೋ ಇಲ್ಲೋ, ನೆನಪಿದ್ದಿಲ್ಲ."

ಬೀದಿ ಕಡೆ ಹಿಡಿದು ಒತ್ತಿದೆ.

ಪಳ್ ಅಂತು.
ಚಾದ ಹುಡುಗ, ಎದುರಿನ ಪಂಕ್ಚರ್ ಅಂಗಡಿ,
ಪರಸಿ ಕಲ್ಲಿನ ಮೆಟ್ಟಲ ಮ್ಯಾಲ ಮಲಗಿದ ಆಡು,
ಎಲ್ಲಾ ಒಂದು ಗಳಿಗಿ ಸುಣ್ಣ ಬಳದಂಗ.
ನನ್ನ ಕಣ್ಣು ಮುಚ್ಚಿದ್ವು.
ಸಾಬಣ್ಣಂದು ಇಲ್ಲ.

"ಎಷ್ಟಾತು?"
ಸೆಲ್ಲಿನ ರೊಕ್ಕ ಅಷ್ಟೇ ತಗೊಂಡೆ.
ಮತ್ತ ಟವೆಲಿನಾಗ ಸುತ್ತಿ, ಕಂಕುಳಾಗ ಇಟ್ಟುಕೊಂಡು
ಎರಡನೇ ಪ್ಲಾಟ್‌ಫಾರ್ಮಿನ ಕಡೆ ನಡೆದ.
ಅವನ ಬೆನ್ನ ಮ್ಯಾಲ ಸುಮಾರು ಹೊತ್ತು
ಒಂದು ಹಸಿರು ಚುಕ್ಕಿ ಕುಣೀತಿತ್ತು,
ನನ್ನ ಕಣ್ಣಿಂದು.

ಆ ತುಂಡು ಇಲ್ಲೇ ಉಳೀತು.
ಯಾವ ಮಷೀನಿವೋ ಗೊತ್ತಿಲ್ಲದ ಸ್ಕ್ರೂಗಳ
ಒಂದು ಡಬ್ಬಿ ಅದ ನನ್ನ ಹತ್ರ.
ಅದರಾಗ ಹಾಕೀನಿ.