ಕಣ

ಜನವರಿ, ಹಗಲು ಹನ್ನೊಂದು. ಅಮ್ಮತ್ತಿಯ ಬಿಸಿಲು
ಸಿಮೆಂಟಿನ ಕಣದ ಮೇಲೆ ನೆಟ್ಟಗೆ ಬಿದ್ದಾಗ
ಫೋನಿನ ಗಾಜಿನಲ್ಲಿ ಕಾಣುವುದು ನನ್ನದೇ ಮುಖ,
ಟೋಪಿಯ ಅಂಚು, ಹಿಂದೊಂದು ಸಿಲ್ವರ್ ಓಕು.
ಕಾದಂಬರಿ ಎಲ್ಲೋ ಅದರಾಚೆ,
ತೊಟ್ಟಿಯ ತಳಕ್ಕೆ ಬಿದ್ದ ಬೀಗದ ಕೈಯ ಹಾಗೆ.
ಬೆಳಕು ಏರಿಸಿದೆ, ಇನ್ನೂ ಏರಿಸಿದೆ.
ಸೂರ್ಯನ ಜೊತೆ ಪಂದ್ಯ ಕಟ್ಟಿ ಗೆದ್ದ ಬ್ಯಾಟರಿ ಉಂಟೇ?

ನಾನಿಲ್ಲಿ ರೈಟರು. ತೋಟದಲ್ಲಿ ಹಾಗನ್ನುತ್ತಾರೆ
ಆಳಿನ ಲೆಕ್ಕ, ಚೀಲದ ಲೆಕ್ಕ ಬರೆಯುವವನಿಗೆ.
ಬರೆದದ್ದು ಅಷ್ಟೇ. ಉಳಿದ ಹೊತ್ತು ಓದುತ್ತೇನೆ.

ವಿರಾಜಪೇಟೆಯಲ್ಲಿ ಯಾರದೋ ಕೈಯಿಂದ ನನ್ನ ಕೈಗೆ ಬಂದ
ಈ ಬೂದು ಹಲಗೆಗೆ ಸ್ವಂತ ಬೆಳಕಿಲ್ಲ.
ಬಿದ್ದ ಬಿಸಿಲನ್ನೇ ಉಂಡು ಅಕ್ಷರ ಗಟ್ಟಿಯಾಗುತ್ತದೆ,
ಪಾರ್ಚ್‌ಮೆಂಟ್ ಕಾಫಿ ಒಣಗಿ ಗಲಗಲ ಎನ್ನುವಂತೆ.
ಒಳಗೂ ಕಣವೇ ನೋಡಿ:
ಕರಿದು, ಬಿಳಿದು, ಧೂಳಿಗಿಂತ ಸಣ್ಣದು,
ಕರೆದರೆ ತೇಲುತ್ತವೆ, ಸಾಕೆಂದರೆ ಮುಳುಗುತ್ತವೆ,
ಪಲ್ಪರ್ ತೊಟ್ಟಿಯಲ್ಲಿ ಜಳ್ಳು ಮೇಲೆ, ಗಟ್ಟಿ ಕೆಳಗೆ.
ಪುಟ ತಿರುಗಿಸಿದರೆ ಒಮ್ಮೆ ಪೂರ್ತಿ ಕಪ್ಪಾಗಿ,
ಹಿಂದಿನ ಪುಟದ ನೆರಳು ಚೂರು ಉಳಿಸಿಕೊಂಡು,
ಆಮೇಲೆ ಬರುತ್ತದೆ. ಆತುರವಿಲ್ಲ.
ಸೈನಬಾ ಗೋರುಮಣೆ ಎಳೆದು ಕಾಫಿ ಮಗುಚುವುದೂ ಹೀಗೇ.

ಹೊಗಳಿದ್ದು ಸಾಕು.
ತಂಗಿಯ ಮಗಳಿಗೆ ಕಾಮನಬಿಲ್ಲಿನ ಕತೆ ತೋರಿಸಿದೆ,
ಏಳು ಬಣ್ಣವೂ ಬೂದಿ.
‘ಮಾಮ, ಇದು ಕೆಟ್ಟಿದೆ’ ಎಂದು ಫೋನು ಕಿತ್ತುಕೊಂಡಳು.
ರಾತ್ರಿ ಇದನ್ನೋದಲು ಹಲ್ಲಲ್ಲಿ ಟಾರ್ಚು ಕಚ್ಚಬೇಕು.
ಫೋನು ತಾನೇ ದೀಪ, ತಾನೇ ಪುಸ್ತಕ,
ನಡುನಡುವೆ ಕಾಳುಮೆಣಸಿನ ರೇಟು,
ಕೊನೆಗೆ ಕಣ್ಣಿನಲ್ಲಿ ಮರಳು.

ಮಂಗಳವಾರ ಆನೆ ಕಂಬ ದೂಡಿತು. ಕರೆಂಟಿಲ್ಲ.
ಸಂಜೆಗೇ ಫೋನು ಕರಿಕಲ್ಲಾಯಿತು.
ಹಲಗೆಯೂ ಗುರುವಾರ ಸತ್ತಿತು,
ಆದರೆ ಹಳೇ ಮಾಡೆಲ್ಲು, ತೆರೆದ ಪುಟ ಹಿಡಿದುಕೊಂಡೇ ಸತ್ತಿತು.
ನೂರಾ ಹನ್ನೆರಡು. ಕೊನೆಯ ಸಾಲು:
‘ಬಾಗಿಲು ತೆರೆದಳು. ಹೊಸ್ತಿಲಾಚೆ ನಿಂತಿದ್ದದ್ದು’

ಅಷ್ಟೇ.
ಗುಂಡಿ ಒತ್ತಿದೆ, ಕುಲುಕಿದೆ, ಬಿಸಿಲಿಗೆ ಹಿಡಿದೆ.
ಬಿಸಿಲಿಗೆ ಅಕ್ಷರ ಇನ್ನೂ ಚೆನ್ನಾಗಿ ಕಂಡಿತು, ಅದೇ ಅಕ್ಷರ.

ಟೀ ಹೊತ್ತಿಗೆ ಗಟ್ಟಿಯಾಗಿ ಓದಿದೆ.
‘ಪೋಸ್ಟ್‌ಮ್ಯಾನು, ಮತ್ಯಾರು?’ ಸೈನಬಾ.
‘ಆನೆ!’ ನೀರು ತರುವ ಮಣಿ.
ಮೇದಪ್ಪನವರು ಜೀಪಿನಿಂದಲೇ: ‘ಮೊದಲು ಚೀಲ ಎಣಿಸಯ್ಯ.’
ಪಲ್ಪರ್ ರಾಜನ್ ಲೋಟ ಕೆಳಗಿಟ್ಟು, ತುಂಬಾ ಹೊತ್ತಿನ ಮೇಲೆ,
‘ಅವಳೇ’ ಎಂದ. ‘ಹೊರಗೆ ನಿಂತದ್ದೂ ಅವಳೇ.’
ಯಾರೂ ನಗಲಿಲ್ಲ. ಕಾಫಿ ಮಗುಚಲು ಎದ್ದರು.

ಶನಿವಾರ ಕರೆಂಟು ಬಂತು.
ಮೂವತ್ತೆಂಟು ಮೆಸೇಜಿನೊಡನೆ ಫೋನು ಕಿರುಚಿ ಎದ್ದಿತು.
ಹಲಗೆಯನ್ನು ಇನ್ನೂ ಚಾರ್ಜಿಗೆ ಹಾಕಿಲ್ಲ.
ತಿತಿಮತಿಗೆ ಹೋದ ಜಾಜಿ ಸೋಮವಾರ ಬರುತ್ತಾಳೆ.
ಅವಳು ಹೇಳುವುದೊಂದು ಬಾಕಿ.